ಕಾಡ್ಗಿಚ್ಚಿನ ಪ್ರದೇಶದಲ್ಲಿ ಮನೆ ಕೊಳ್ಳುವಾಗ ವಿಮೆ, ಸಾಲ ಮತ್ತು ಬೆಲೆಯ ಲೆಕ್ಕ ಹೇಗೆ?

ಪ್ರಶ್ನೆ: ಫಾಲ್ಸಮ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿ ಬಾಡಿಗೆಗಿರುವ ನಾವು ಈ ವರ್ಷ ಸ್ವಂತ ಮನೆ ಮಾಡಿಕೊಳ್ಳಬೇಕೆಂದಿದ್ದೇವೆ. ಇಲ್ಲಿನ ಬೆಲೆಗೆ ಹೋಲಿಸಿದರೆ ಪೂರ್ವಕ್ಕೆ, ಪ್ಲಾಸರ್‌ವಿಲ್ ಕಡೆಯ ಗುಡ್ಡಗಳಲ್ಲಿ ಅರ್ಧ ಎಕರೆ ಜಾಗವಿರುವ ದೊಡ್ಡ ಮನೆಯೊಂದು ಸಾಕಷ್ಟು ಅಗ್ಗವಾಗಿ ಸಿಗುತ್ತಿದೆ. ಮನೆ 1990ರ ದಶಕದ್ದು, ಸುತ್ತ ಪೈನ್ ಮತ್ತು ಓಕ್ ಮರಗಳಿವೆ. ಆದರೆ ನಾನು ವಿಚಾರಿಸಿದ ಎರಡು ವಿಮಾ ಕಂಪನಿಗಳು ಪಿನ್ ಕೋಡ್ ಕೇಳಿದ ಕೂಡಲೇ ಅಲ್ಲಿ ಹೊಸ ಪಾಲಿಸಿ ಕೊಡುವುದಿಲ್ಲ ಎಂದವು. 2021ರಲ್ಲಿ ಕ್ಯಾಲ್ಡರ್ ಬೆಂಕಿ ಗ್ರಿಜ್ಲಿ ಫ್ಲ್ಯಾಟ್ಸ್ ಊರನ್ನು ಸುಟ್ಟದ್ದು ಇದೇ ಎಲ್ ಡೊರಾಡೊ ಕೌಂಟಿಯಲ್ಲಿ ಎಂಬುದೂ ಮನಸ್ಸಿನಲ್ಲಿದೆ.

ಡೌನ್ ಪೇಮೆಂಟ್‌ಗಾಗಿ ಮೈಸೂರಿನ ಸೈಟನ್ನು ಮಾರಿ ಹಣ ಕಳಿಸುತ್ತೇನೆಂದು ತಂದೆಯವರು ಹೇಳುತ್ತಿದ್ದಾರೆ. ಅವರ ಜೀವಮಾನದ ಉಳಿತಾಯ ಅದು; ಹಾಗಾಗಿ ಆತುರಪಡಲು ನನಗೆ ಮನಸ್ಸಿಲ್ಲ. ಬೆಂಕಿಯ ಅಪಾಯವೆಲ್ಲ ಈ ಕಡಿಮೆ ಬೆಲೆಯಲ್ಲಿ ಈಗಾಗಲೇ ಲೆಕ್ಕವಾಗಿದೆ, ಆದ್ದರಿಂದ ಇದು ಲಾಭದ ವ್ಯವಹಾರವೇ ಎಂದು ಸ್ನೇಹಿತರೊಬ್ಬರು ವಾದಿಸುತ್ತಾರೆ. ಇದು ಸರಿಯೇ?

ಉತ್ತರ 1: ವಿಮಾ ಬ್ರೋಕರ್, ಸ್ಯಾಕ್ರಮೆಂಟೊ

ನಿಮ್ಮ ಸ್ನೇಹಿತರ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಅದನ್ನು ಲೆಕ್ಕ ಹಾಕಿ ನೋಡದೆ ಒಪ್ಪಬೇಡಿ. ಗುಡ್ಡದ ಮನೆಯ ವಿಮೆ ಫಾಲ್ಸಮ್ ಮನೆಯದಕ್ಕಿಂತ ವರ್ಷಕ್ಕೆ 6,000 ಡಾಲರ್ ಹೆಚ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ತಿಂಗಳಿಗೆ 500 ಡಾಲರ್. ಶೇಕಡಾ 6.5ರ ಬಡ್ಡಿಯ 30 ವರ್ಷಗಳ ಸಾಲದಲ್ಲಿ ಅದೇ 500 ಡಾಲರ್ ಸುಮಾರು 79,000 ಡಾಲರ್ ಅಸಲಿನ ಕಂತಿಗೆ ಸಮ. ಆದ್ದರಿಂದ ಮನೆಯ ಬೆಲೆ 79,000 ಡಾಲರ್ ಕಡಿಮೆಯಿದ್ದರೆ ನಿಮಗೆ ಅಗ್ಗವಾಗಿ ಸಿಕ್ಕಿದ್ದು ಏನೂ ಇಲ್ಲ. ಅದೂ ಅಲ್ಲದೆ ಸಾಲದ ಕಂತು 30 ವರ್ಷ ಒಂದೇ ಆಗಿರುತ್ತದೆ, ಪ್ರೀಮಿಯಂ ಹಾಗಿರುವುದಿಲ್ಲ. ಬ್ಯಾಂಕ್ ನಿಮ್ಮ ಅರ್ಹತೆಯನ್ನು ಅಳೆಯುವಾಗ ವಿಮೆಯನ್ನೂ ತಿಂಗಳ ಖರ್ಚಿಗೆ ಸೇರಿಸುವುದರಿಂದ ನಿಮಗೆ ಸಿಗುವ ಸಾಲದ ಮೊತ್ತವೂ ಅಷ್ಟರ ಮಟ್ಟಿಗೆ ಇಳಿಯುತ್ತದೆ. ನಾಳೆ ನೀವು ಮಾರಲು ಹೊರಟಾಗ ಕೊಳ್ಳಲು ಬರುವವರ ಸಾಲವೂ ಹೀಗೆಯೇ ಇಳಿಯುತ್ತದೆ.

ಕಂಪನಿಗಳು ಹಿಂದೆ ಸರಿದ ಕಾರಣವನ್ನೂ ತಿಳಿದಿರಬೇಕು. 1988ರಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 103 ಎಂಬ ಕಾನೂನಿನ ಪ್ರಕಾರ ದರ ಏರಿಸಲು ರಾಜ್ಯದ ವಿಮಾ ಆಯುಕ್ತರ ಪೂರ್ವಾನುಮತಿ ಬೇಕು. ಜೊತೆಗೆ, ಇತ್ತೀಚಿನವರೆಗೂ ಕಾಡ್ಗಿಚ್ಚಿನ ದರವನ್ನು ಹಿಂದಿನ ವರ್ಷಗಳ ನಷ್ಟದ ಆಧಾರದ ಮೇಲೆ ಮಾತ್ರ ನಿರ್ಧರಿಸಬೇಕಿತ್ತು. 2017 ಮತ್ತು 2018ರ ಬೆಂಕಿಗಳ ನಂತರ ಈ ದರ ಸಾಲದೆಂದು ಹಲವು ಕಂಪನಿಗಳು ಹೊಸ ಪಾಲಿಸಿ ನಿಲ್ಲಿಸಿದವು. ಸ್ಟೇಟ್ ಫಾರ್ಮ್ ಎಂಬ ದೊಡ್ಡ ವಿಮಾ ಕಂಪನಿ 2023ರ ಮೇ ತಿಂಗಳಿನಲ್ಲಿ ಇಡೀ ರಾಜ್ಯದಲ್ಲಿ ಹೊಸ ಮನೆ ವಿಮೆ ನಿಲ್ಲಿಸಿತು, ಮರುವರ್ಷ ಸುಮಾರು 72,000 ಪಾಲಿಸಿಗಳನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. ಈಗ ನಿಯಮ ಬದಲಾಗಿ, ಮುಂದಿನ ಅಪಾಯವನ್ನು ಅಂದಾಜಿಸುವ ಮಾದರಿಗಳನ್ನು ಬಳಸಲು ಅನುಮತಿ ದೊರೆತಿದೆ. ಇದರಿಂದ ಕಂಪನಿಗಳು ಮರಳಿ ಬರಬಹುದು, ಆದರೆ ಹಳೆಯ ದರಕ್ಕೆ ಬರುವುದಿಲ್ಲ.

ಯಾರೂ ಒಪ್ಪದಿದ್ದರೆ ಉಳಿಯುವುದು ಫೇರ್ ಪ್ಲಾನ್. ಇದು ಸರ್ಕಾರದ ಹಣದ ಯೋಜನೆಯಲ್ಲ. ರಾಜ್ಯದಲ್ಲಿ ವ್ಯವಹರಿಸುವ ವಿಮಾ ಕಂಪನಿಗಳೇ ಸೇರಿ ನಡೆಸುವ ಕೊನೆಯ ಆಸರೆ. ಮನೆಗೆ 30 ಲಕ್ಷ ಡಾಲರ್ ಮಿತಿಯಿದೆ. ಬೆಂಕಿ, ಸಿಡಿಲು, ಹೊಗೆಯಂಥ ಕೆಲವೇ ನಷ್ಟಗಳನ್ನು ತುಂಬಿಕೊಡುವುದರಿಂದ ಕಳ್ಳತನ, ಪೈಪ್ ಒಡೆದ ನೀರು, ಬೇರೆಯವರಿಗಾದ ಹಾನಿಯ ಹೊಣೆ ಇವಕ್ಕೆಲ್ಲ ಇನ್ನೊಂದು ಪಾಲಿಸಿ ಬೇಕು. ಎರಡರ ದರವನ್ನೂ ಲಿಖಿತವಾಗಿ ಪಡೆಯಿರಿ, ಆಮೇಲೆ ಲೆಕ್ಕ ಮಾಡಿ. ಮನೆ ಕೊಳ್ಳುವ ಕರಾರಿನಲ್ಲಿ ವಿಮೆ ಸಿಗದಿದ್ದರೆ ಮುಂಗಡ ಹಣ ವಾಪಸ್ ಎಂಬ ಷರತ್ತು ಇರಲಿ. ಪೈಪೋಟಿಯ ಒತ್ತಡದಲ್ಲಿ ಅದನ್ನು ಬಿಟ್ಟುಕೊಡಬೇಡಿ.

ಉತ್ತರ 2: ಸಾಂಟಾ ರೋಸಾ ಕನ್ನಡತಿ

ಬ್ರೋಕರ್ ಸರ್ ಹೇಳಿದ್ದಕ್ಕೆ ನನ್ನ ಊರಿನ ಅನುಭವವನ್ನು ಸೇರಿಸುತ್ತೇನೆ. 2017ರ ಅಕ್ಟೋಬರ್‌ನಲ್ಲಿ ಟಬ್ಸ್ ಬೆಂಕಿ ಹೆದ್ದಾರಿ 101ನ್ನು ದಾಟಿ ಕಾಫಿ ಪಾರ್ಕ್ ಬಡಾವಣೆಯನ್ನು ಸುಟ್ಟಿತು. ಅದು ಗುಡ್ಡವೂ ಅಲ್ಲ, ಕಾಡೂ ಅಲ್ಲ, ಅಪಾಯದ ನಕ್ಷೆಯಲ್ಲಿಯೂ ಇರಲಿಲ್ಲ. ಮನೆಗೆ ಮನೆ ಅಂಟಿಕೊಂಡಂತಿದ್ದ ಸಮತಟ್ಟಾದ ಬಡಾವಣೆ. ಆದ್ದರಿಂದ ಫಾಲ್ಸಮ್‌ನಲ್ಲಿ ಕೊಂಡರೂ ಪಾಲಿಸಿಯನ್ನು ಅಷ್ಟೇ ಎಚ್ಚರಿಕೆಯಿಂದ ಓದಿ.

ಬೆಂಕಿಯ ನಂತರ ಮನೆ ಬೆಲೆ ಬೀಳುತ್ತದೆಂದು ಬಹಳ ಮಂದಿ ಎಣಿಸುತ್ತಾರೆ. ಸುಟ್ಟ ನಿವೇಶನದ ಬೆಲೆ ಬೀಳುವುದು ನಿಜ, ಆದರೆ ಉಳಿದ ಮನೆಗಳ ಬೆಲೆ ಮತ್ತು ಬಾಡಿಗೆ ಏರುತ್ತವೆ. ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳು ವಿಮೆಯ ಬಾಡಿಗೆ ಭತ್ಯೆ ಹಿಡಿದು ಒಂದೇ ವಾರದಲ್ಲಿ ಮನೆ ಹುಡುಕುವಾಗ ಬೇರೇನು ಆದೀತು? 2018ರಲ್ಲಿ ಕ್ಯಾಂಪ್ ಬೆಂಕಿ ಪ್ಯಾರಡೈಸ್ ಊರನ್ನು ನುಂಗಿ 85 ಜನರ ಪ್ರಾಣ ತೆಗೆದಾಗ ಪಕ್ಕದ ಚಿಕೊ ನಗರದಲ್ಲಿ ಮಾರಾಟಕ್ಕಿದ್ದ ಮನೆಗಳು ಕೆಲವೇ ವಾರಗಳಲ್ಲಿ ಖಾಲಿಯಾದವು. ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ಬಾಡಿಗೆಯನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದೆಂಬ ಕಾನೂನು ಇದೆ, ಆದರೂ ಭತ್ಯೆಯಿಲ್ಲದ ಬಾಡಿಗೆದಾರರೇ ಮೊದಲು ಊರು ಬಿಡಬೇಕಾಗುತ್ತದೆ. ಇದು ನನಗೆ ಇಂದಿಗೂ ನೋವಿನ ವಿಷಯ. ಬಾಡಿಗೆಗಿರುವಷ್ಟು ಕಾಲ ನೀವೂ ಬಾಡಿಗೆದಾರರ ವಿಮೆ ಮಾಡಿಸಿ.

2025ರ ಜನವರಿಯಲ್ಲಿ ಈಟನ್ ಬೆಂಕಿ ಲಾಸ್ ಏಂಜಲೀಸ್ ಬಳಿಯ ಆಲ್ಟಡೀನಾದಲ್ಲಿ ಮತ್ತು ಅದರ ಸುತ್ತ 9,000ಕ್ಕೂ ಹೆಚ್ಚು ಕಟ್ಟಡಗಳನ್ನು ನಾಶಮಾಡಿದಾಗ, ನಿವೇಶನಗಳನ್ನು ಕಡಿಮೆ ಬೆಲೆಗೆ ಕೇಳಿಕೊಂಡು ಬರುವವರನ್ನು ತಡೆಯಲು ರಾಜ್ಯಪಾಲ ನ್ಯೂಸಮ್ ಅವರು ಕೆಲವು ಪಿನ್ ಕೋಡ್‌ಗಳಿಗೆ ವಿಶೇಷ ಆದೇಶ ಹೊರಡಿಸಬೇಕಾಯಿತು. ನಷ್ಟಕ್ಕೆ ಮಾರಿಕೊಳ್ಳುವ ಸ್ಥಿತಿ ಬರುವುದು ಹೆಚ್ಚಾಗಿ ವಿಮೆಯ ಮೊತ್ತ ಮನೆ ಕಟ್ಟಲು ಸಾಲದಿದ್ದಾಗ. ಮಾರುಕಟ್ಟೆ ಬೆಲೆಗೂ ಮರಳಿ ಕಟ್ಟುವ ವೆಚ್ಚಕ್ಕೂ ಸಂಬಂಧವಿಲ್ಲ. ಒಂದೇ ಊರಿನಲ್ಲಿ ಸಾವಿರಾರು ಮನೆ ಏಳುವಾಗ ಮೇಸ್ತ್ರಿ, ಮರ, ಕಾಂಕ್ರೀಟ್ ಎಲ್ಲದರ ದರವೂ ಏರುತ್ತದೆ. ಪಾಲಿಸಿಯ ಮಿತಿಯ ಮೇಲೆ ಹೆಚ್ಚುವರಿ ಶೇಕಡಾವಾರು ಮೊತ್ತ ಕೊಡುವ ಸೌಲಭ್ಯವನ್ನೂ, ಈಗಿನ ಕಟ್ಟಡ ನಿಯಮಕ್ಕೆ ತಕ್ಕಂತೆ ಕಟ್ಟುವ ಖರ್ಚಿನ ಸೌಲಭ್ಯವನ್ನೂ ಕೇಳಿ ಸೇರಿಸಿಕೊಳ್ಳಿ.

ಉತ್ತರ 3: ಆಬರ್ನ್ ನಿವಾಸಿ

ನಾನು ಗುಡ್ಡದಲ್ಲೇ ಇದ್ದೇನೆ, ಬಿಟ್ಟು ಹೋಗುವ ಯೋಚನೆಯಿಲ್ಲ. ಹಾಗಾಗಿ ಗುಡ್ಡದ ಮನೆಯೇ ಬೇಡವೆನ್ನಲಾರೆ. ಆದರೆ ನಿಮ್ಮ ಮನೆ 1990ರ ದಶಕದ್ದು ಎಂಬುದನ್ನು ಗಮನಿಸಿ. ಅಪಾಯದ ವಲಯಗಳಿಗೆ ಕಿಡಿ ತಡೆಯುವ ಕಟ್ಟಡ ನಿಯಮ ಬಂದದ್ದು 2008ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಛಾವಣಿ, ಅಟ್ಟದ ಗಾಳಿಕಿಂಡಿ, ಗೋಡೆಯ ಹೊದಿಕೆ ಎಲ್ಲವನ್ನೂ ಪರೀಕ್ಷಿಸಬೇಕು.

ಬಹಳಷ್ಟು ಮನೆಗಳು ಉರಿಯುವುದು ನೇರ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ತೂರಿಬರುವ ಕಿಡಿಗಳಿಂದ. ನಮ್ಮ ಮನೆಗೆ ಬಂದ ತಪಾಸಣೆಯವರು ಕಾಡಿನತ್ತ ತಿರುಗಿಯೂ ನೋಡದೆ ನೇರ ಗೋಡೆಯ ಬುಡಕ್ಕೆ ಬಂದರು. ಮನೆಯವಳು ಅಕ್ಕರೆಯಿಂದ ಬೆಳೆಸಿದ್ದ ಮಲ್ಲಿಗೆ ಬಳ್ಳಿ ಮರದ ಚಪ್ಪರದ ಮೇಲೆ ಕಿಟಕಿಯವರೆಗೆ ಹಬ್ಬಿತ್ತು. ಗೋಡೆಯಿಂದ ಐದು ಅಡಿಯೊಳಗೆ ಉರಿಯುವಂಥದ್ದು ಏನೂ ಇರಬಾರದೆಂದು ಅದನ್ನು ತೆಗೆಸಿದರು. ಗೋಡೆಗೆ ತಾಗಿದ್ದ ಮರದ ಬೇಲಿಯ ಕೊನೆಯ ಭಾಗವನ್ನು ಕತ್ತರಿಸಿ ಲೋಹದ ಗೇಟು ಹಾಕಿಸಿದೆವು, ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಕೂರಿಸಿದೆವು. ಇಂಥ ಕೆಲಸಗಳಿಗೆ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮ 2022ರಿಂದ ಇದೆ. ಆದರೆ ರಿಯಾಯಿತಿ ಕೊಡಬೇಕೆಂದರೆ ಪಾಲಿಸಿ ನವೀಕರಿಸಬೇಕೆಂದು ಅರ್ಥವಲ್ಲ. ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಕಂಪನಿ ಕೈಬಿಟ್ಟಿತು.

ಮಾರುವವರಿಂದ ಎರಡು ಕಾಗದ ಕೇಳಿ: ಮನೆಯ ಸುತ್ತ ಉರಿಯುವಂಥದ್ದನ್ನು ತೆರವು ಮಾಡಿದ್ದಕ್ಕೆ ತಪಾಸಣಾ ಪತ್ರ ಮತ್ತು ಅವರ ಈಗಿನ ಪಾಲಿಸಿಯ ಮೊದಲ ಪುಟ. ಎರಡನೆಯದನ್ನು ತೋರಿಸಲು ಹಿಂಜರಿದರೆ ಕಾರಣ ಊಹಿಸಬಹುದು.

ಫಾಲ್ಸಮ್ ನಿವಾಸಿ

ಮೂವರಿಗೂ ಧನ್ಯವಾದಗಳು. ಪಾಲಿಸಿಯ ಪುಟ ಕೇಳಿ ಪಡೆದೆ. ಮಾರುವವರು ಈಗಾಗಲೇ ಫೇರ್ ಪ್ಲಾನ್‌ನಲ್ಲಿದ್ದಾರೆ. ಎರಡು ಪಾಲಿಸಿಗಳ ದರ ಲಿಖಿತವಾಗಿ ಬರುವವರೆಗೆ ಸೈಟಿನ ಮಾತುಕತೆ ಬೇಡವೆಂದು ತಂದೆಯವರಿಗೆ ಹೇಳಿದ್ದೇನೆ. ಬ್ರೋಕರ್ ಸರ್, ದರ ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ, ಮರಳಿ ಕಟ್ಟುವ ವೆಚ್ಚದ ಅಂದಾಜು ಸರಿಯಿದೆಯೇ ಎಂದು ದಯವಿಟ್ಟು ನೋಡಿ ಹೇಳಿ.