‘ಚಿಪ್ಪುಮೀನು’ ಅಂದರೆ ಯಾವುದು? ಮೈಕ್ರೋಪ್ಲಾಸ್ಟಿಕ್ ಲೇಖನ ತಿದ್ದುವಾಗ ಎದುರಾದ ತೊಡಕು

ಎಲ್ಲರಿಗೂ ನಮಸ್ಕಾರ.

ಕಡಲಿನ ಆಹಾರದಲ್ಲಿ ಸೇರುವ ಪ್ಲಾಸ್ಟಿಕ್ ಬಗ್ಗೆ ಒಂದು ಲೇಖನ ತಿದ್ದುತ್ತಿದ್ದೇನೆ. ‘ಚಿಪ್ಪುಮೀನುಗಳಲ್ಲಿ ಸೂಕ್ಷ್ಮಪ್ಲಾಸ್ಟಿಕ್ ಜಾಸ್ತಿ’ ಅನ್ನೋ ಸಾಲಿಗೆ ಬಂದು ನಿಂತುಬಿಟ್ಟೆ. ಕರಡು ಓದಿದ ಗೆಳೆಯರೊಬ್ಬರು ‘ಚಿಪ್ಪು ಹೆರೆದು ತೊಳೆದರೆ ಹೋಗುತ್ತೆ, ಅಲ್ವಾ?’ ಎಂದು ಕೇಳಿದರು. ಹುರುಪೆ ಇರುವ ಮಾಮೂಲಿ ಮೀನು ಅಂದುಕೊಂಡಿದ್ದರು. ತಪ್ಪು ಅವರದಲ್ಲ, ಪದದ್ದು.

ಇಂಗ್ಲಿಷಿನ ಶೆಲ್‌ಫಿಶ್ ಒಳಗೆ ಸಿಗಡಿ, ಏಡಿ, ಸಿಂಪಿ ಎಲ್ಲವೂ ಬರುತ್ತವೆ. ಒಂದೂ ಮೀನಲ್ಲ. ಪ್ಲಾಸ್ಟಿಕ್ ವಿಷಯದಲ್ಲಿ ಅವೆಲ್ಲ ಒಂದೇ ಥರವೂ ಅಲ್ಲ. ದೊಡ್ಡ ಮೀನಿನ ಕರುಳು ತೆಗೆದು ತಿನ್ನುತ್ತೇವೆ. ಸಿಗಡಿಯ ಬೆನ್ನಿನ ಕಪ್ಪು ಎಳೆಯನ್ನೂ ಎಳೆದು ಹಾಕುವವರಿದ್ದಾರೆ, ಅದು ಅದರ ಕರುಳೇ. ಆದರೆ ಸಿಂಪಿಯಂಥ ಎರಡು ಚಿಪ್ಪಿನ ಜೀವಿಯನ್ನು ಹೊಟ್ಟೆಯ ಸಮೇತ ತಿನ್ನುತ್ತೇವೆ. ಅದು ಬದುಕುವುದೇ ನೀರು ಸೋಸಿ. ದೊಡ್ಡ ಸಿಂಪಿಯೊಂದು ದಿನಕ್ಕೆ 190 ಲೀಟರಿನವರೆಗೂ ನೀರು ಸೋಸಬಲ್ಲದು. ಆ ನೀರಲ್ಲಿ ತೇಲುವ ಬಟ್ಟೆಯ ನಾರು, ಟೈರಿನ ಪುಡಿ, ಒಡೆದ ಪ್ಲಾಸ್ಟಿಕ್ ಚೂರು ಒಂದಿಷ್ಟು ಒಳಗೇ ಉಳಿಯುತ್ತವೆ. ಮೇಲೆ ಎಷ್ಟು ತೊಳೆದರೂ ಅವು ಹೋಗುವುದಿಲ್ಲ.

ಹಾಗಾಗಿ ಈ ಗುಂಪಿಗೇ ಒಂದು ಪದ ಬೇಕು. ಪಠ್ಯಪುಸ್ತಕದ ‘ಮೃದ್ವಂಗಿ’ಯಲ್ಲಿ ಬಸವನಹುಳುವೂ ಬಂದುಬಿಡುತ್ತದೆ. ‘ದ್ವಿಕವಾಟಿ’ ಕೇಳಿದರೆ ಬಾಗಿಲು ಕಣ್ಣಿಗೆ ಬರುತ್ತದೆ. ‘ಕಪ್ಪೆಚಿಪ್ಪು’ ಎಲ್ಲರಿಗೂ ಗೊತ್ತು, ಆದರೆ ಅದು ಮರಳಲ್ಲಿ ಬಿದ್ದಿರುವ ಖಾಲಿ ಚಿಪ್ಪು. ಒಳಗಿನ ಜೀವ ನೆನಪಾಗುವುದಿಲ್ಲ. ಕರಾವಳಿಯಲ್ಲಿ ಮರುವಾಯಿ, ಬಳಚು, ಪಚ್ಚಿಲೆ ಎಂಬ ಒಳ್ಳೆಯ ಹೆಸರುಗಳಿವೆ, ಆದರೆ ಅವು ಒಂದೊಂದು ಬಗೆಯ ಹೆಸರು, ಇಡೀ ಗುಂಪಿನದಲ್ಲ. ಸದ್ಯಕ್ಕೆ ‘ಜೋಡಿಚಿಪ್ಪಿನ ಜೀವಿ’ ಎಂದು ಬರೆದಿದ್ದೇನೆ. ಸ್ವಲ್ಪ ಉದ್ದ. ‘ಜೋಡಿಚಿಪ್ಪಿ’ ಅಂದರೆ ನಡೆಯುತ್ತದೆಯೇ?

ಇನ್ನು ‘ಸೂಕ್ಷ್ಮ’. ಸೂಕ್ಷ್ಮಜೀವಿ, ಸೂಕ್ಷ್ಮದರ್ಶಕ ಕೇಳಿ ಕೇಳಿ ನಮಗೆ ಸೂಕ್ಷ್ಮ ಅಂದರೆ ಕಣ್ಣಿಗೆ ಕಾಣದ್ದು ಎಂದೇ ಆಗಿದೆ. ಮೈಕ್ರೋಪ್ಲಾಸ್ಟಿಕ್ ಹಾಗಲ್ಲ. 2004ರಲ್ಲಿ ಬ್ರಿಟನ್ನಿನ ಕಡಲ ಜೀವವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಜೊತೆಗಾರರ ಬರಹದಿಂದ ಈ ಪದ ಚಾಲ್ತಿಗೆ ಬಂತು. ಆಮೇಲೆ 5 ಮಿಲಿಮೀಟರಿಗಿಂತ ಚಿಕ್ಕದು ಎಂಬ ಅಳತೆ ನಿಂತಿತು. 4 ಮಿಲಿಮೀಟರಿನ ಚೂರು ಯಾರಿಗೆ ಕಾಣುವುದಿಲ್ಲ? ‘ಪುಡಿಪ್ಲಾಸ್ಟಿಕ್’ ನನಗೆ ಇಷ್ಟ, ಆದರೆ ನಾರನ್ನು ಪುಡಿ ಅನ್ನೋದು ಹೇಗೆ? ನಾನಂತೂ ‘ಮೈಕ್ರೋಪ್ಲಾಸ್ಟಿಕ್’ ಎಂದೇ ಉಳಿಸಿಕೊಳ್ಳುವವನು. ಸುಮ್ನೆ ಹಟಕ್ಕೆ ಹೊಸ ಪದ ಕಟ್ಟುವುದು ಬೇಡ.

ನನಗೆ ನಿಜವಾಗಿ ಕಷ್ಟವಾದದ್ದು ಕ್ರಿಯಾಪದ. ಆಹಾರದಲ್ಲಿ ಪ್ಲಾಸ್ಟಿಕ್ ‘ಸೇರಿದೆ’ ಅನ್ನಬೇಕೋ, ಆಹಾರ ‘ಕಲುಷಿತವಾಗಿದೆ’ ಅನ್ನಬೇಕೋ? ‘ಕಲಬೆರಕೆ’ ಅಂದರೆ ಯಾರೋ ಬೇಕಂತಲೇ ಬೆರೆಸಿದ ಮೋಸ. ‘ಕಲುಷಿತ’ ಅಂದ ತಕ್ಷಣ ವಾಂತಿಭೇದಿ, ಆಸ್ಪತ್ರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹಾಕಿದ ಅಂದಾಜಿನ ಪ್ರಕಾರ, ಒಂದು ಹೊತ್ತಿಗೆ ತಿನ್ನುವ 225 ಗ್ರಾಂ ಪಚ್ಚಿಲೆ ಬಗೆಯ ಮಸೆಲ್‌ನಲ್ಲಿ ಇರುವ ಪ್ಲಾಸ್ಟಿಕ್ 7 ಮೈಕ್ರೋಗ್ರಾಂ. ಇದರಿಂದ ಮನುಷ್ಯರಿಗೆ ಎಷ್ಟು ತೊಂದರೆ ಎಂದು ತೀರ್ಮಾನಿಸಲು ಮಾಹಿತಿ ಸಾಲದು ಎಂದೂ ಅದೇ ಪ್ರಾಧಿಕಾರ ಹೇಳಿತ್ತು. ಅದನ್ನು ‘ವಿಷ’ ಎಂದು ಬರೆಯುವುದು ಅತಿಯಾಯಿತು. ‘ಏನೂ ಇಲ್ಲ’ ಅನ್ನುವಂತೆಯೂ ಇಲ್ಲ. ಹಾಗಾಗಿ ಕಡಲಿಗೆ ‘ಮಾಲಿನ್ಯ’, ತಟ್ಟೆಗೆ ‘ಸೇರಿಕೆ’ ಎಂದು ಬೇರೆ ಬೇರೆಯಾಗಿ ಬಳಸಿದ್ದೇನೆ. ಯಾರಿಗಾದರೂ ಇದು ಒಪ್ಪಿಗೆಯಾಗದಿದ್ದರೆ ದಯವಿಟ್ಟು ಜಗಳ ತೆಗೆಯಿರಿ.

ಕೊನೆಯದು. ಹಿಡಿದ ಚಿಪ್ಪಿಗಳನ್ನು ಶುದ್ಧ ನೀರಲ್ಲಿ ಕೆಲವು ಗಂಟೆಯಿಂದ ಒಂದೆರಡು ದಿನ ಬಿಟ್ಟು, ಹೊಟ್ಟೆ ತಾನೇ ಖಾಲಿಯಾಗುವಂತೆ ಮಾಡುತ್ತಾರೆ. ಅದರಿಂದ ಪ್ಲಾಸ್ಟಿಕ್ ಒಂದಷ್ಟು ಇಳಿಯುತ್ತದೆ, ಪೂರ್ತಿ ಅಲ್ಲ. ಲೇಖನದಲ್ಲಿ ಇದಕ್ಕೆ ‘ಶುದ್ಧೀಕರಣ’ ಎಂದಿದೆ. ಕಾರ್ಖಾನೆಯ ನೆನಪು ಬರುತ್ತದೆ, ಮೇಲಾಗಿ ಎಲ್ಲ ಹೋಯಿತು ಎಂಬ ಭರವಸೆ ಬೇರೆ. ‘ಕಕ್ಕಿಸುವುದು’ ಎಂದು ಬರೆದು ಹೊಡೆದುಹಾಕಿದೆ, ಯಾಕೆಂದರೆ ಒಳಗಿನದು ಹೋಗುವುದು ಮಲದ ದಾರಿಯಲ್ಲಿ. ‘ಹೊಟ್ಟೆ ತೊಳೆಸುವುದು’ ಅಂದರೆ ನಗುತ್ತೀರಾ? ಇದಕ್ಕಿಂತ ಒಳ್ಳೆಯ ಬಳಕೆಮಾತು ಯಾರ ಬಾಯಲ್ಲಾದರೂ ಕೇಳಿದ್ದರೆ ತಿಳಿಸಿ.