ನಂಟೇ ಉಳಿಯದ ಕೂಟದಲ್ಲಿ ಇರಬೇಕಾ?

ಗಂಗಾವತಿ ಮಿಲ್ ಗುಮಾಸ್ತ: 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದರ ಬಹುತೇಕ ದೇಶಗಳು ಸಿಐಎಸ್ ಅಂತ ಕೂಟ ಕಟ್ಟಿಕೊಂಡವು. ಮಾಲ್ಡೊವಾ ಈಗ ಅದರ ಒಪ್ಪಂದಗಳನ್ನು ಒಂದೊಂದಾಗಿ ಬಿಡುತ್ತಿದೆ. ಒಂದು ಕಾಲಕ್ಕೆ ಅವರ ವೈನ್‌ಗೆ ರಷ್ಯಾನೇ ದೊಡ್ಡ ಗಿರಾಕಿ. ಈಗ ಅರ್ಧಕ್ಕಿಂತ ಜಾಸ್ತಿ ರಫ್ತು ಯುರೋಪ್ ಒಕ್ಕೂಟಕ್ಕೆ ಹೋಗುತ್ತದೆ. ಬಿಡೋದೇ ಸರಿ ಅಂತೀನಿ.

ಬಳ್ಳಾರಿ ಜೀನ್ಸ್: ಬಿಟ್ಟರೆ ಸಿಗೋದೇನು ಸರ್? ಹೆಸರಿಗೆ ಇದ್ದರೆ ಖರ್ಚಿಲ್ಲ. ಗಿರಾಕಿ ವರ್ಷಕ್ಕೊಮ್ಮೆ ಬಂದರೂ ನಾವು ಖಾತೆ ಮುಚ್ಚೋದಿಲ್ಲ.

ಗಂಗಾವತಿ ಮಿಲ್ ಗುಮಾಸ್ತ: ಖರ್ಚಿದೆ. 2006ರಲ್ಲಿ ರಷ್ಯಾ ಮಾಲ್ಡೊವಾ, ಜಾರ್ಜಿಯಾ ಎರಡರ ವೈನನ್ನೂ ನಿಲ್ಲಿಸಿತು. ಗುಣಮಟ್ಟ ಸರಿಯಿಲ್ಲ ಅಂದಿತು. 2013ರಲ್ಲಿ ಮಾಲ್ಡೊವಾ ಯುರೋಪ್ ಜೊತೆ ಒಪ್ಪಂದಕ್ಕೆ ತಯಾರಾಗುವಾಗ ಮತ್ತೆ ತಡೆ. ಎರಡೂ ಸಲ ಅದು ಕೂಟದ ಒಳಗೇ ಇತ್ತು! ಮಾಲು ನಿಂತರೆ ಏನಾಗುತ್ತದೆ ಅಂತ ಇಲ್ಲಿ ನಮಗೂ ಗೊತ್ತು. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಂತಾಗ, ಹೊರದೇಶಕ್ಕೆ ಅಂತ ಅಚ್ಚು ಹಾಕಿಸಿದ್ದ ಸೋನಾ ಮಸೂರಿ ಚೀಲಗಳು ಗೋದಾಮಿನಲ್ಲೇ ಕೂತವು. ನಮ್ಮಲ್ಲಿ ಅದು ದೇಶದೊಳಗೆ ಅಕ್ಕಿ ಬೆಲೆ ಏರಬಾರದು ಅಂತ ಮಾಡಿದ್ದು. ಅವರದ್ದು ಕೊಳ್ಳುವವನ ಸಿಟ್ಟು.

ರಾಯಚೂರು ಹತ್ತಿ: ಜಾರ್ಜಿಯಾ ಕಥೆ ಪೂರ್ತಿ ಹೇಳಿ ಅಣ್ಣಾ. ರಷ್ಯಾ ಜೊತೆಗಿನ 2008ರ ಯುದ್ಧದ ನಂತರ ಕೂಟ ಬಿಡೋಕೆ ತೀರ್ಮಾನಿಸಿ, 2009ರ ಆಗಸ್ಟ್‌ನಲ್ಲಿ ಹೊರಬಂತು. 2013ರಲ್ಲಿ ರಷ್ಯಾ ತಡೆ ತೆಗೆದದ್ದೇ ತಡ, ವೈನ್ ಮತ್ತೆ ಅಲ್ಲಿಗೇ ಹೋಯಿತು. ಇವತ್ತಿಗೂ ಅವರ ವೈನ್ ಜಾಸ್ತಿ ಹೋಗೋದು ರಷ್ಯಾಕ್ಕೇ. ಕೂಟ ಬಿಟ್ಟು ಗಿರಾಕಿಯನ್ನು ಬಿಡಲಾಗಲಿಲ್ಲ ಅಲ್ವಾ?

ಬಳ್ಳಾರಿ ಜೀನ್ಸ್: ನಾನು ಹೇಳಿದ್ದೂ ಅದೇ.

ಕೊಪ್ಪಳ ಟೀಚರ್: ಆದರೆ ಮಾಲ್ಡೊವಾ ಮೊದಲು ಬೇರೆ ಮಾರುಕಟ್ಟೆ ಹಿಡಿಯಿತು ರೀ. 2014ರ ಜನವರಿಯಲ್ಲೇ ಯುರೋಪ್ ಅವರ ವೈನ್‌ಗೆ ಬಾಗಿಲು ತೆರೆಯಿತು. ಜೂನ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಹತ್ತು ವರ್ಷ ದಾಟಿದ ಮೇಲೆ ಹೊರಡುತ್ತಿದೆ. ನನಗೆ ಚಿಂತೆ ದುಡಿಯೋಕೆ ಹೋದವರದ್ದು. ನಮ್ಮ ತಾಲ್ಲೂಕಿನಿಂದ ಗುಳೆ ಹೋದವರ ಮಕ್ಕಳು ವರ್ಷದ ನಡುವೆ ಶಾಲೆ ಬಿಡೋದನ್ನು ನೋಡ್ತಾನೇ ಇದ್ದೀನಿ. ರಷ್ಯಾದಲ್ಲಿ ದುಡಿದ ಮಾಲ್ಡೊವಾದವರ ಪಿಂಚಣಿಗೆ ಆ ವರ್ಷಗಳು ಸೇರಬೇಕಲ್ಲ?

ಗಂಗಾವತಿ ಮಿಲ್ ಗುಮಾಸ್ತ: ಜನರಿಗೆ ಬೇಕಾದ ಒಪ್ಪಂದ ಇಟ್ಟುಕೊಳ್ಳುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿದೆ ಟೀಚರ್. ಜಾರ್ಜಿಯಾ ಕೂಡ ಕೆಲವನ್ನು ಉಳಿಸಿಕೊಂಡಿತ್ತು.

ಬಳ್ಳಾರಿ ಜೀನ್ಸ್: ಹಾಗಾದರೆ ಪಿಂಚಣಿ ಕಾಗದ ಮೊದಲು ಗಟ್ಟಿಯಾಗಲಿ. ಅದಾದರೆ ನನ್ನ ತಕರಾರಿಲ್ಲ.