ಅಪ್‌ಡೇಟ್: ಹೊಂಡದ ಕಳೆ ಅಂತರಗಂಗೆ ಅಲ್ಲ, ಸಾಲ್ವೀನಿಯಾ!

ಮೂರು ವಾರದ ಹಿಂದೆ, ನಮ್ಮ ಅಡಿಕೆ ತೋಟದ ಹೊಂಡದ ಮೇಲೆ ಹಸಿರು ಕಂಬಳಿ ಹಾಸಿದ ಹಾಗೆ ಬೆಳೆದ ಕಳೆ ಯಾವುದು, ಹೇಗೆ ತೆಗೆಯೋದು ಅಂತ ಕೇಳಿದ್ದೆ. ಎಲೆ ಮೇಲಿನ ಕೂದಲು ನೋಡಿ ಅಂದವರಿಗೆ ಥ್ಯಾಂಕ್ಸ್. ಮಗಳ ಭೂತಗನ್ನಡಿ ಹಿಡಿದು ನೋಡಿದೆ. ಪ್ರತಿ ಕೂದಲೂ ನಾಲ್ಕು ಕವಲಾಗಿ, ತುದಿಯಲ್ಲಿ ಮತ್ತೆ ಕೂಡಿಕೊಂಡು ಪುಟ್ಟ ಪಂಜರದ ಹಾಗಿದೆ. ಸಾಲ್ವೀನಿಯಾ ಮೊಲೆಸ್ಟಾನೇ, ಬ್ರೆಜಿಲ್ ಕಡೆಯ ಜರಿಗಿಡ.

ನೀರಿನ ಕಳೆ ತಿನ್ನೋ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಡಿ ಅಂದಿದ್ರಲ್ಲ, ಹತ್ತು ತಂದು ಬಿಟ್ಟೆ, ಅವು ಇದನ್ನ ಮೂಸಿಯೂ ನೋಡಲಿಲ್ಲ. ಕುಂಟೆ ಹಾಕಿ ಎಳೆದಿದ್ದಂತೂ ನನ್ನದೇ ದಡ್ಡತನ, ಮುರಿದ ಚೂರೆಲ್ಲ ಹೊಸ ಗಿಡ! ಬೀಜವೇ ಇಲ್ಲದೆ, ಬರೀ ಚೂರಿಂದಲೇ ಇಷ್ಟು ಹಬ್ಬುತ್ತೆ ಅಂತ ಗೊತ್ತಿರಲಿಲ್ಲ. ದನ ನೀರು ಕುಡಿಯುತ್ತವೆ, ಹಾಗಾಗಿ ಔಷಧಿ ಹೊಡೆಯೋ ಮಾತೇ ಬಿಟ್ಟೆ.

ಕೊನೆಗೆ ಕೈ ಹಿಡಿದಿದ್ದು ಹಗ್ಗದ ಉಪಾಯ. ಉದ್ದ ಹಗ್ಗಕ್ಕೆ ಬಾಳೆ ದಿಂಡು ಕಟ್ಟಿ, ಎರಡು ದಡದಲ್ಲಿ ಇಬ್ಬರು ಹಿಡಿದು ನಿಧಾನಕ್ಕೆ ಕಳೆಯನ್ನ ಒಂದು ಮೂಲೆಗೆ ತಂದು, ಹಳೇ ಸೊಳ್ಳೆ ಪರದೆಯಲ್ಲಿ ಬಾಚಿದೆವು. ಎರಡು ಭಾನುವಾರ ಹಿಡಿಯಿತು, ಸೊಂಟ ಇನ್ನೂ ನೋಯ್ತಿದೆ. ದೂರದಲ್ಲಿ ಒಣಗಿಸಿ ಅಡಿಕೆ ಬುಡಕ್ಕೆ ಹಾಕಿದೆ.

ಇದನ್ನ ತಿನ್ನೋ ಪುಟ್ಟ ಕಪ್ಪು ಸೊಂಡಿಲು ಕೀಟವನ್ನ 1983-84ರಲ್ಲೇ ಬೆಂಗಳೂರಿನ ಒಂದು ಕೊಳದಲ್ಲಿ ಬಿಟ್ಟು ಗೆದ್ದಿದ್ದರಂತೆ. ದೊಡ್ಡ ಕೆರೆ ಇದ್ದವರು ಅದನ್ನ ವಿಚಾರಿಸಿ. ನಾನು ಸದ್ಯಕ್ಕೆ ವಾರಕ್ಕೊಮ್ಮೆ ಅಂಚಿನ ಚೂರು ಹೆಕ್ಕುತ್ತಿದ್ದೇನೆ, ನಿನ್ನೆ ಸಿಕ್ಕಿದ್ದು ಅರ್ಧ ಬಕೆಟ್.